ಬೆಕ್ಕಿನ ತಲೆಯ ಹಿಂದೆ ಚಿನ್ನ

ಬೆಕ್ಕಿನ ತಲೆಯ ಹಿಂದೆ ಚಿನ್ನ ಹಚ್ಚುವ ಮಾತು ನಮ್ಮ ಮನೆಗೆ ಬಂದದ್ದು ಜುಲೈ ತಿಂಗಳ ಕೊನೆಯ ಶನಿವಾರ, ಮಧ್ಯಾಹ್ನದ ಊಟದ ಹೊತ್ತಿಗೆ. ತಂದವನು ಒಲಿಂಪಿಯು. ಸಿಬಿಯು ಪೇಟೆಯ ಚೌಕದಲ್ಲಿ ಅವನದೊಂದು ಅಂಗಡಿ. ಬಸ್ಸಿನಿಂದ ಇಳಿಯುವ ಜನಕ್ಕೆ ಮರದ ಚಮಚ, ಕಸೂತಿ ಅಂಗಿ, ಗಾಜಿನ ಮೇಲೆ ಬರೆದ ಪಟ ಮಾರುತ್ತಾನೆ. ಪಟ ಬರೆದು ಕೊಡುವವರು ನಾವು.

ಅಮ್ಮ ಮೆಕ್ಕೆಜೋಳದ ಮುದ್ದೆಯನ್ನು ಹಲಗೆಯ ಮೇಲೆ ಬೋರಲು ಹಾಕಿ ದಾರದಲ್ಲಿ ಕೊಯ್ಯುತ್ತಿದ್ದಳು. ಒಲಿಂಪಿಯು ಕರೆಯದೆಯೇ ಬೆಂಚಿನ ಮೇಲೆ ಕೂತು ತಟ್ಟೆ ಎಳೆದುಕೊಂಡ.

"ದೇವರು ಓಡ್ತಿಲ್ಲ ತ್ರಾಯಾನ್," ಎಂದ ಅಪ್ಪನಿಗೆ. "ಗೋಡೆಗೆ ಸಂತ ನಿಕೊಲಾಯ್‌ನ ನೇತಾಕ್ಕೊಂಡ್ರೆ ಅವನೆದುರು ಹೆಂಡ್ತಿಗೆ ಬಯ್ಯೋಕೂ ಆಗಲ್ಲ ನೋಡು. ಬೆಕ್ಕಾದ್ರೆ ಹಾಗಲ್ಲ. ಅಡುಗೆಮನೇಲೂ ಹಾಕ್ಬೋದು, ಬಚ್ಚಲಲ್ಲೂ ಹಾಕ್ಬೋದು. ನಿನ್ನ ಮಗಳು ಕೊಟ್ಟ ಹನ್ನೆರಡು ಬೆಕ್ಕೂ ಹೋದ್ವು. ಸಂತರಿಬ್ಬರು ಈಸ್ಟರಿನಿಂದ ಅಲ್ಲೇ ನಿಂತವ್ರೆ."

"ಈಗೇನ್ ಬೇಕಂತೆ ಅವರಿಗೆ?"

"ಬೆಕ್ಕೇ. ಆದ್ರೆ ತಲೆ ಹಿಂದೆ ಸಂತರಿಗೆ ಇರುತ್ತಲ್ಲ, ಚಿನ್ನದ ಚಕ್ರ, ಅದು ಬೇಕು. ಒಬ್ಬ ಜರ್ಮನಿಯವನು ಬಾಯ್ಬಿಟ್ಟು ಕೇಳ್ದ. ಇನ್ನೊಂದು, ಗಾಜು ಹಳೇದಿರ್ಬೇಕು. ಅಲೆ ಅಲೆಯಾಗಿ, ಒಳಗೆ ಗುಳ್ಳೆ ಇರುತ್ತಲ್ಲ, ಆ ಥರದ್ದು. ಅದಕ್ಕೆ ಎರಡರಷ್ಟು ಕೊಡ್ತೀನಿ."

ಒಲೆಯ ಪಕ್ಕದಲ್ಲಿ ಕೂತಿದ್ದ ಅಜ್ಜಿ ಚಮಚ ಕೆಳಗಿಟ್ಟಳು. ನಮ್ಮ ಅಜ್ಜಿ ರಫಿಲಾ, ಅಪ್ಪನ ತಾಯಿ. ಅರವತ್ತು ವರ್ಷ ಗಾಜಿನ ಮೇಲೆ ದೇವರ ಪಟ ಬರೆದವಳು. ಅವಳ ಅವ್ವನೂ ಅದನ್ನೇ ಮಾಡಿದವಳು.

"ಊಟ ಆಯ್ತಾ ಅವನದು?" ಎಂದಳು, ಒಲಿಂಪಿಯುವಿನ ಕಡೆ ತಿರುಗಿಯೂ ನೋಡದೆ. "ಆಗಿದ್ರೆ ಬಾಗಿಲು ತೆಗೀರಿ."

ಅವನು ನಗುತ್ತಲೇ ಎದ್ದ. ಹೋಗುವಾಗ ಮುಂಗಡವೆಂದು ಇನ್ನೂರು ಲೆಯಿ ಉಪ್ಪಿನ ಬಟ್ಟಲ ಕೆಳಗೆ ಇಟ್ಟು ಹೋದ. ಅಪ್ಪ ಅದನ್ನು ವಾಪಸ್ ಕೊಡಲಿಲ್ಲ. ಕೊಟ್ಟರೆ ಅಪ್ಪನ ಹತ್ತಿರ ಉಳಿಯುವುದೇನು? ಮರ ಕೊಯ್ಯುವ ಕಾರ್ಖಾನೆ ಮುಚ್ಚಿ ಎರಡು ವರ್ಷವಾಗಿತ್ತು. ಅವರಿವರ ಹುಲ್ಲು ಕೊಯ್ದು, ಬೇಲಿ ಕಟ್ಟಿ, ಸಂಜೆ ಪ್ಲಮ್ ಸಾರಾಯಿಯ ವಾಸನೆ ಹೊತ್ತು ಬರುತ್ತಿದ್ದ. ಇತ್ತ ಅಕ್ಕನ ಮದುವೆ ಮೂರು ವಾರದಲ್ಲಿತ್ತು.

ಒಲಿಂಪಿಯುವಿನ ವ್ಯಾನಿನ ಸದ್ದು ಸೇತುವೆ ದಾಟುವ ಮೊದಲೇ ಜಗಳ ಶುರುವಾಯಿತು.

"ಸಂತರ ಚಿನ್ನ ಬೆಕ್ಕಿಗಾ?" ಎಂದಳು ಅಜ್ಜಿ. "ನಾಳೆ ಹಂದಿಗೂ ಹಚ್ತೀರಿ."

"ಹಂದಿ ಕೇಳಿದ್ರೆ ಹಂದಿಗೂ ಹಚ್ಬೇಕು," ಎಂದ ಅಪ್ಪ. "ಮದುವೆ ಊಟ ಏನ್ ಸಂತರು ಬಂದು ಬೇಯಿಸ್ತಾರಾ?"

"ಅಜ್ಜಿ, ಒಂದ್ ಮಾತು ಕೇಳ್ತೀನಿ," ಎಂದಳು ಅಕ್ಕ ಓತೀಲಿಯ. ಅವಳ ಬೆರಳ ತುದಿಯಲ್ಲಿ ಯಾವಾಗಲೂ ಹಸಿರೋ ಕೆಂಪೋ ಇರುತ್ತದೆ. "ನೀನು ಇಷ್ಟು ವರ್ಷ ಮಾತೆ ಮರಿಯಾನ ಬರೆದಿದ್ದು ಯಾವ ಕುಂಚದಲ್ಲಿ?"

ಅಜ್ಜಿ ಮತ್ತೆ ಚಮಚ ಎತ್ತಿಕೊಂಡಳು.

"ಬೆಕ್ಕಿನ ಬಾಲದ ಕೂದಲಲ್ಲಿ ತಾನೇ? ನಮ್ಮ ಬಿಷಪ್ಪನ ಬಾಲದಲ್ಲಿ. ಅವನ ಅಪ್ಪನ ಬಾಲದಲ್ಲಿ. ದೇವರನ್ನ ಬರೆಯೋಕೆ ಬೆಕ್ಕಾಗುತ್ತೆ, ಬೆಕ್ಕನ್ನ ಬರೆಯೋಕೆ ಆಗಲ್ವಾ?"

ಬಿಷಪ್ಪ ನಮ್ಮ ಮನೆಯ ಗಂಡುಬೆಕ್ಕು. ಮೈಯೆಲ್ಲ ಕಪ್ಪು, ಕುತ್ತಿಗೆಯಲ್ಲಿ ಬಿಳಿ ಪಟ್ಟಿ. ತನ್ನ ಹೆಸರು ಕೇಳಿ ಬೆಂಚಿನಡಿಯಿಂದ ತಲೆಯೆತ್ತಿತು. ನನಗೆ ನಗು ಬಂತು, ಅಮ್ಮನಿಗೂ ಬಂತು. ಅಜ್ಜಿಗೆ ಬರಲಿಲ್ಲ.

"ಕತ್ತೆ ಯೇಸುವನ್ನ ಹೊತ್ತಿತ್ತು," ಎಂದಳು. "ಹಾಗಂತ ಕತ್ತೆಗೆ ಯಾರೂ ಮೇಣದಬತ್ತಿ ಹಚ್ಚಲ್ಲ. ಕೇಳ್ಕೊಳ್ಳಿ ಎಲ್ಲಾರೂ. ಈ ಮೇಜಿನ ಮೇಲೆ ಬೆಕ್ಕು ಕೂತಿರೋವರ್ಗೂ ನಾನು ಕುಂಚ ಮುಟ್ಟಲ್ಲ. ಮದುವೆ ಪಟಾನೂ ಬರೆಯಲ್ಲ."

ಈಸ್ಟರಿನಿಂದ ಅವಳು ಕುಂಚ ಮುಟ್ಟಿರಲಿಲ್ಲ ನಿಜ. ಮದುವೆ ಪಟದ ಮಾತು ಬೇರೆ. ನಮ್ಮ ಕಡೆ ಹೆಣ್ಣುಮಗಳು ಮನೆ ಬಿಟ್ಟು ಹೊರಡುವಾಗ ಆ ಮನೆಯ ಕೈ ಬರೆದ ಪಟವನ್ನು ಎದೆಗವಚಿಕೊಂಡು ಹೊಸ್ತಿಲು ದಾಟಬೇಕು. ಕೊಂಡು ತಂದದ್ದು ಆಗುವುದಿಲ್ಲ. ಮದುವಣಗಿತ್ತಿ ತಾನೇ ಬರೆದುಕೊಳ್ಳುವ ಹಾಗೂ ಇಲ್ಲ. ತನ್ನ ಭಾಗ್ಯವನ್ನು ತಾನೇ ಬರೆದುಕೊಂಡ ಹಾಗಾಗುತ್ತದೆ ಅಂತ. ಅಮ್ಮ ಸಬೀನಾ ದ್ರಾಕ್ಷಿ ಬೆಳೆಯುವ ಊರಿನವಳು. ಬಣ್ಣ ತುಂಬಬಲ್ಲಳು, ಗೆರೆ ಎಳೆಯಲಾರಳು. ಡಬ್ಬಿ ಕಾರ್ಖಾನೆಯಲ್ಲಿ ಮುರಿದ ಬಲಗೈ ಮಣಿಕಟ್ಟು ಇನ್ನೂ ತಿರುಗುವುದಿಲ್ಲ. ಹಾಗಾಗಿ ಉಳಿದವಳು ಅಜ್ಜಿ ಒಬ್ಬಳೇ.

ನಾನು ಲೆಕ್ಕಕ್ಕಿರಲಿಲ್ಲ. ನನ್ನ ಹೆಸರು ಗಾವ್ರಿಲ್, ವಯಸ್ಸು ಹತ್ತೊಂಬತ್ತು. ಏಳನೇ ತರಗತಿಯ ಮೇಷ್ಟ್ರು ಎಲ್ಲರೆದುರು ನನ್ನ ಕಿವಿ ಹಿಂಡಿದ. ನಾನು ಅವನ ಕೈ ಕಚ್ಚಿದೆ. ಓದು ಅಲ್ಲಿಗೆ ಮುಗಿಯಿತು. ಆಮೇಲೆ ಸ್ಪ್ರೂಸ್ ಹಲಗೆ ಹೆರೆದು ಪಟಗಳಿಗೆ ಚೌಕಟ್ಟು ಮಾಡುತ್ತಿದ್ದೆ. ಸಂತನಿಗೂ ಅದೇ ಚೌಕಟ್ಟು, ಬೆಕ್ಕಿಗೂ ಅದೇ ಚೌಕಟ್ಟು. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಆಗಸ್ಟ್ ಒಂದಕ್ಕೆ ಮಾತೆ ಮರಿಯಾಳ ಉಪವಾಸ ಹಿಡಿಯಿತು. ಹದಿನಾಲ್ಕು ದಿನ ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. ದಿನಾ ಹುರುಳಿಕಾಯಿ ಸಾರು, ಎಣ್ಣೆಯಲ್ಲಿ ಹುರಿದ ಈರುಳ್ಳಿ, ಮುದ್ದೆ. ಕೋಳಿಗಳಿಗೆ ಉಪವಾಸ ಗೊತ್ತಿಲ್ಲವಲ್ಲ, ಇಡುತ್ತಲೇ ಇರುತ್ತವೆ. ಬೇರೆ ವರ್ಷ ಆ ಮೊಟ್ಟೆಯ ಹಳದಿಯೆಲ್ಲ ಅಜ್ಜಿಯ ಬಣ್ಣಕ್ಕೆ ಹೋಗುತ್ತಿತ್ತು. ಈ ವರ್ಷ ಬೆಕ್ಕುಗಳಿಗೆ ಹೋಯಿತು. ಹಳದಿಗೆ ಒಂದು ಚಮಚ ವಿನೆಗರ್ ಬೆರೆಸಿ ಅಮ್ಮ ಬಣ್ಣ ಅರೆಯುತ್ತಿದ್ದಳು, ಅಕ್ಕ ಬರೆಯುತ್ತಿದ್ದಳು.

ಅಜ್ಜಿಯ ಹಟ ದಿನದಿನಕ್ಕೆ ಹೆಚ್ಚಾಗುತ್ತಿದೆ ಎಂದು ನನಗನ್ನಿಸುತ್ತಿತ್ತು. ಸಾರು ಬಡಿಸಿದರೆ ತಟ್ಟೆಯ ಅಂಚಿಗೆ ಸುರಿಯುತ್ತಿದ್ದಳು. ಅಕ್ಕ ಎದುರು ಬಂದರೆ ಮುಖ ನೋಡದೆ ಗೋಡೆ ಹಿಡಿದು ಹಾದುಹೋಗುತ್ತಿದ್ದಳು. ಒಂದು ದಿನ ವಿನೆಗರ್ ಶೀಶೆಯನ್ನು ಮೊಣಕೈಯಿಂದ ತಳ್ಳಿ ಒಡೆದಳು.

"ಬೇಕಂತ ಮಾಡ್ದೆ ನೀನು," ಎಂದೆ ನಾನು.

"ಹೌದು ಕಣೋ, ಬೇಕಂತಲೇ ಮಾಡ್ದೆ," ಎಂದಳು. ಗಾಜಿನ ಚೂರು ಹೆಕ್ಕಲು ಬಗ್ಗಿದವಳು ನೆಲವನ್ನೆಲ್ಲ ತಡವಿದಳು. ನಾನು ನೋಡುತ್ತ ನಿಂತೆ, ಸಹಾಯಕ್ಕೆ ಬಗ್ಗಲಿಲ್ಲ.

ಉಪವಾಸದ ಐದನೆಯ ದಿನ ಎಮಿಲ್‌ನ ತಾಯಿ ಬಂದಳು. ಎಮಿಲ್ ಅಕ್ಕನನ್ನು ಮದುವೆಯಾಗುವವನು, ಗುಡ್ಡದ ಆಚೆ ಊರಿನವನು, ಹಾಲಿನ ಲಾರಿ ಓಡಿಸುತ್ತಾನೆ. ಅವನ ತಾಯಿ ಹೊಸ ಕಂಬಳಿಯ ಅಳತೆ ಹೇಳಿ, ಪ್ಲಮ್ ಹಣ್ಣಿನ ಬುಟ್ಟಿ ಕೊಟ್ಟು, ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು:

"ಪಟ ಆಯ್ತೇನ್ರೀ ರಫಿಲಮ್ಮ? ಪೂರ್ವದ ಗೋಡೆಗೆ ಮೊಳೆ ಹೊಡೆದಿಟ್ಟಿದೀವಿ."

ಅಜ್ಜಿ ಸೆರಗಿನಂಥ ತನ್ನ ತಲೆವಸ್ತ್ರದ ಗಂಟು ಬಿಚ್ಚಿ ಮತ್ತೆ ಕಟ್ಟಿದಳು. "ಮೊಳೆ ಇರಲಿ," ಎಂದಳು ಅಷ್ಟೇ.

ಎಮಿಲ್‌ನ ತಾಯಿ ಹೋದ ಮೇಲೆ ಅಕ್ಕ ಬಾವಿಯ ಹತ್ತಿರ ಹೋಗಿ, ಖಾಲಿ ಬಕೆಟ್ಟನ್ನು ಇಳಿಸುತ್ತ, ಖಾಲಿಯಾಗಿಯೇ ಎಳೆಯುತ್ತ ಅತ್ತಳು. ಅವಳು ಅಳುವುದನ್ನು ನಾನು ಚಿಕ್ಕಂದಿನಿಂದ ನೋಡಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಒಂದು ಹಳೇ ಮುದುಕಿ, ಒಂದು ಹಳೇ ಹಟ, ಅದಕ್ಕೆ ನನ್ನ ಅಕ್ಕ ಬರಿಗೈಯಲ್ಲಿ ಇನ್ನೊಬ್ಬರ ಮನೆಗೆ ಹೋಗಬೇಕು. ಎಲ್ಲಿ ಕೊಟ್ಟರೆ ಅಜ್ಜಿಗೆ ಪೆಟ್ಟು ತಾಗುತ್ತದೆ ಎಂದು ನೋಡಿದೆ. ಏಣಿ ಇಟ್ಟು ಅಟ್ಟ ಹತ್ತಿದೆ.

ಅಟ್ಟದಲ್ಲಿ ಹುಲ್ಲಿನ ಕೆಳಗೆ ಹಳೇ ಗಾಜುಗಳಿದ್ದವು. ಬಣ್ಣ ಉದುರಿದವು, ಅರ್ಧಕ್ಕೆ ಬಿಟ್ಟವು. ನಾಲ್ಕು ಆರಿಸಿದೆ. ತೊಲೆಯ ಹಿಂದೆ ಐದನೆಯದು ಇತ್ತು, ಕಪ್ಪು ವಸ್ತ್ರದಲ್ಲಿ ಸುತ್ತಿದ್ದು. ಬಿಚ್ಚಿ ನೋಡಿದೆ. ಅಳುವ ಮರಿಯಾ. ಮುಖದ ಮೇಲ್ಭಾಗದ ಬಣ್ಣ ಎಂದೋ ಸಿಪ್ಪೆಯೆದ್ದು ಹೋಗಿತ್ತು. ಒಳ್ಳೆಯ ಅಲೆಯಲೆ ಗಾಜು, ಮರಿಯಾಳ ಭುಜದ ಹತ್ತಿರ ಬೇಳೆಯಷ್ಟು ದಪ್ಪ ಗುಳ್ಳೆ. ಯಾರೋ ಜೋಪಾನ ಮಾಡಿದ್ದು ಅಂತ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಗೊತ್ತಾಗಿಯೇ ತೆಗೆದುಕೊಂಡೆ. ವಸ್ತ್ರವನ್ನು ಅಲ್ಲೇ ಎಸೆದೆ.

ಕೊಟ್ಟಿಗೆಯ ಹಿಂದೆ, ಬೂದಿನೀರಿನ ತೊಟ್ಟಿಯಲ್ಲಿ ಐದನ್ನೂ ಮುಳುಗಿಸಿದೆ. ಹಂದಿಕೊಬ್ಬಿನ ತುಂಡೊಂದನ್ನು ಉಪವಾಸದ ಮೇಲಿನ ಸಿಟ್ಟಿಗೆ ಕದ್ದಿಟ್ಟುಕೊಂಡಿದ್ದೆ. ಅದನ್ನು ತಿನ್ನುತ್ತ, ಚಾಕುವಿನ ಬೆನ್ನಿನಿಂದ ಬಣ್ಣ ಕೆರೆದೆ. ನೀಲಿ ಹೋಯಿತು, ಕೆಂಪು ಹೋಯಿತು, ಕೊನೆಗೆ ಕಪ್ಪು ಗೆರೆ ಹೋಯಿತು.

"ಎಲ್ಲಿ ಸಿಕ್ತೋ ಇವು?" ಎಂದಳು ಅಕ್ಕ.

"ಹಳೇ ಕಿಟಕೀದು."

ನನ್ನ ಮುಖ ನೋಡಿದಳು, ಮತ್ತೆ ಕೇಳಲಿಲ್ಲ. ನಾಲ್ಕು ದಿನದಲ್ಲಿ ಐದು ಬೆಕ್ಕು ಬರೆದಳು. ಎಲ್ಲಕ್ಕೂ ದೊಡ್ಡದಾದ ಆ ಗುಳ್ಳೆಯ ಗಾಜಿನ ಮೇಲೆ ಬಿಷಪ್ಪನನ್ನೇ ಕೂರಿಸಿದಳು, ಮುಂಗಾಲು ಜೋಡಿಸಿ, ಹಸಿರು ಕಣ್ಣು ಬಿಟ್ಟುಕೊಂಡು. ಅಪ್ಪ ಒಲಿಂಪಿಯುವಿನ ದುಡ್ಡಿನಲ್ಲಿ ಪೇಟೆಯಿಂದ ಚಿನ್ನದ ಹಾಳೆ ತಂದಿದ್ದ. ತಲೆಯ ಹಿಂದೆ ಅದನ್ನು ಅಂಟಿಸುವಾಗ ಅಕ್ಕ ಎರಡು ಸಲ ಕುಂಚ ಕೆಳಗಿಟ್ಟಳು. ಉಸಿರು ತಾಗಿದರೂ ಹಾರುವ ಹಾಳೆ ಅದು, ಅದಕ್ಕೇ ಇಟ್ಟಳು ಎಂದುಕೊಂಡೆ.

ಒಂಬತ್ತನೆಯ ದಿನ ಊಟಕ್ಕೆ ಕೂತಾಗ ಅಜ್ಜಿಯೇ ಬಾಯಿ ತೆರೆದಳು.

"ಸಬೀನಾ, ಅಟ್ಟದಲ್ಲಿ ತೊಲೆ ಹಿಂದೆ ಕಪ್ಪು ವಸ್ತ್ರದಲ್ಲಿ ಒಂದು ಪಟ ಸುತ್ತಿಟ್ಟಿದೀನಿ. ತಗೊಂಡ್ ಬಾ."

"ಯಾವ ಪಟ ಅತ್ತೆ?"

"ನನ್ನ ಮದುವೇದು. ನಮ್ಮವ್ವ ಬರೆದಿದ್ದು. ಬರೆಯಲ್ಲ ಅಂದೆ, ಕೊಡಲ್ಲ ಅಂದ್ನಾ? ಅದನ್ನೇ ಕೊಡೋಣ ಓತೀಲಿಯಂಗೆ. ಒಂಚೂರು ಸಿಪ್ಪೆ ಎದ್ದಿದೆ. ನೀನು ಹಿಂದಿಂದ ಬಣ್ಣ ತುಂಬ್ಕೊಡು."

ಅಕ್ಕ ಎದ್ದು ಹೋಗಿ ಅಜ್ಜಿಯ ಕೈ ಹಿಡಿದುಕೊಂಡಳು. ಅಮ್ಮ ಅಟ್ಟ ಹತ್ತಿ ಇಳಿಯುವವರೆಗೆ ನಾನು ಎದ್ದು ಓಡಿಹೋಗಬಹುದಿತ್ತು. ಓಡಲಿಲ್ಲ.

"ಬರೀ ಬಟ್ಟೆ ಇದೆ ಅತ್ತೆ," ಎಂದಳು ಅಮ್ಮ ಬಾಗಿಲಲ್ಲಿ ನಿಂತು.

"ನಾನ್ ತಗೊಂಡೆ," ಎಂದೆ.

"ನೀನಾ? ಎಲ್ಲಿಟ್ಟಿದೀಯ?"

"ಹಲಗೆ ಮೇಲೆ. ಒಣಗ್ತಿದೆ."

ಅಪ್ಪ, ಅಮ್ಮ, ಅಕ್ಕ ಮೂವರೂ ಕಿಟಕಿಯ ಪಕ್ಕದ ಹಲಗೆಯ ಕಡೆ ತಿರುಗಿದರು. ಅಲ್ಲಿ ಐದು ಬೆಕ್ಕುಗಳು ಸಾಲಾಗಿ ಕೂತು ನಮ್ಮನ್ನು ನೋಡುತ್ತಿದ್ದವು. ಅಜ್ಜಿ ಎದ್ದಳು. ಮೇಜಿನಂಚು ಹಿಡಿದು, ಆಮೇಲೆ ಗೋಡೆ ಹಿಡಿದು, ಹಲಗೆಯ ಹತ್ತಿರ ಹೋದಳು. ಒಂದೊಂದು ಗಾಜಿನ ಮೇಲೂ ಹೆಬ್ಬೆರಳು ಆಡಿಸಿದಳು. ಐದನೆಯದರ ಮೇಲೆ ಬೆರಳು ನಿಂತಿತು. ಅವಳ ಮುಖ ಅರಳಿತು.

"ಇದೇ. ನಮ್ಮವ್ವನ ಗುಳ್ಳೆ."

ಗಾಜನ್ನು ಎತ್ತಿ ಬೆನ್ನಿನ ಕಡೆ ಬೆರಳ ತುದಿ ಮುಟ್ಟಿಸಿದಳು. ಹಾಳೆಯ ನುಣುಪು ಅವಳಿಗೆ ಕೂಡಲೇ ತಿಳಿಯಿತು.

"ಚಿನ್ನ ಹಚ್ಚಿದೀರಲ್ರೋ!" ಎಂದಳು. "ನಮ್ಮವ್ವ ಹಚ್ಚಿರ್ಲಿಲ್ಲ. ನಮ್ಮ ಹತ್ರ ಎಲ್ಲಿತ್ತು ಚಿನ್ನ, ಹಳದಿ ಮಣ್ಣು ಬಳಿದಿದ್ಳು. ಎಲ್ಲಾ ಸೇರಿ ನನಗೆ ಗೊತ್ತಾಗದ ಹಾಗೆ ರಿಪೇರಿ ಮಾಡಿದೀರ ಕಳ್ಳರು. ಗಾವ್ರಿಲ್, ನೀನು ಮಾಡ್ಸಿದ್ದೇನೋ? ಮುಖ ಹೇಗೆ ಬಂದಿದೆ? ಮುಖ ಸರಿಯಾಗಿ ಬಂತಾ?"

ಕಿಟಕಿಯಿಂದ ಬಿಸಿಲು ನೇರವಾಗಿ ಗಾಜಿನ ಮೇಲೆ ಬೀಳುತ್ತಿತ್ತು. ಅವಳ ಮೂಗಿನಿಂದ ಒಂದು ಗೇಣು ದೂರದಲ್ಲಿ ಬೆಕ್ಕಿನ ಹಸಿರು ಕಣ್ಣುಗಳಿದ್ದವು. ಅವಳು ಅದರ ಕಡೆ ಮುಖ ಮಾಡಿಕೊಂಡೇ ನಗುತ್ತಿದ್ದಳು.

"ಅತ್ತೆ," ಎಂದಳು ಅಮ್ಮ, ಮೆಲ್ಲಗೆ. "ನಿಮಗೆ ಕಾಣ್ತಿಲ್ವಾ?"

ಅಜ್ಜಿಯ ಹೆಬ್ಬೆರಳು ಗುಳ್ಳೆಯ ಮೇಲೆಯೇ ಇತ್ತು.

"ಅಜ್ಜಿ," ಎಂದಳು ಅಕ್ಕ. "ಅದು ಬೆಕ್ಕು."

ಅಜ್ಜಿ ಗಾಜನ್ನು ಕೆಳಗೆ ಹಾಕಲಿಲ್ಲ. ಹಲಗೆಯ ಅಂಚನ್ನು ಎಡಗೈಯಿಂದ ಹುಡುಕಿ, ಅದರ ಮೇಲೆ ನಿಧಾನವಾಗಿ ಇಟ್ಟಳು. ಬಂದ ಹಾಗೆಯೇ ಗೋಡೆ ಹಿಡಿದು ಒಲೆಯ ಪಕ್ಕ ಬಂದು ಕೂತಳು.

"ಯಾವಾಗ್ಲಿಂದ ಅವ್ವ?" ಎಂದ ಅಪ್ಪ.

"ಎಡಗಣ್ಣು ಹೋದ ವರ್ಷ. ಇದು ಈಸ್ಟರ್‌ಗೆ ಮುಂಚೆ. ಬೆಳಕಿದ್ರೆ ಬೆಳಕಿದೆ ಅಂತ ಗೊತ್ತಾಗುತ್ತೆ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ? ಕಣ್ಣಿನ ಆಸ್ಪತ್ರೆಗೆ ಅಂತ ನೀನು ಇನ್ನಿಪ್ಪತ್ತು ಬೆಕ್ಕು ಬರೆಸ್ತಿದ್ದೆ. ಬೆಕ್ಕಿನ ಮೇಲೆ ಸಿಟ್ಟು ಮಾಡ್ಕೊಂಡು ಬರೆಯೋದು ಬಿಟ್ಳು ಅಂದ್ರೆ ಮರ್ಯಾದೆ. ಕುರುಡಿಯಾಗಿ ಬಿಟ್ಳು ಅಂದ್ರೆ ಏನಿದೆ?"

ಅಪ್ಪ ನನ್ನ ಹತ್ತಿರ ಬಂದು ಕೆನ್ನೆಗೆ ಬಾರಿಸಿದ. ಆರು ವರ್ಷದಿಂದ ಅವನು ನನ್ನ ಮೇಲೆ ಕೈಯೆತ್ತಿರಲಿಲ್ಲ. ಎರಡನೆಯದಕ್ಕೂ ಕಾದು ನಿಂತೆ, ಹೊಡೆಯಲಿಲ್ಲ. ಹೊರಗೆ ಹೋಗಿ ಸೌದೆ ಒಡೆಯತೊಡಗಿದ. ಬೇಸಿಗೆಯಲ್ಲಿ ಸೌದೆ ಯಾರಿಗೂ ಬೇಕಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಬಿಸಿನೀರು ಕಾಯಿಸಿ, ಆ ಗಾಜನ್ನು ಬಟ್ಟಲಲ್ಲಿ ಇಟ್ಟು, ಬೆಕ್ಕನ್ನು ತೊಳೆದೆ. ಯಾಕೆ ಅಂತ ನನಗೇ ಗೊತ್ತಿರಲಿಲ್ಲ. ತೊಳೆದ ಮಾತ್ರಕ್ಕೆ ಏನು ವಾಪಸ್ ಬರುತ್ತದೆ? ಚಿನ್ನ ಹಾಳೆ ಹಾಳೆಯಾಗಿ ನೀರಿನಲ್ಲಿ ತೇಲಿತು. ಬರಿಯ ಗಾಜನ್ನು ಒರೆಸಿ ಕಿಟಕಿಗೆ ಹಿಡಿದೆ. ಬಟ್ಟಲಿನಿಂದ ಹಬೆ ಏಳುತ್ತಿತ್ತು. ಹಬೆ ತಾಗಿದ ಕಡೆ ಗಾಜು ಮಂಜಾಯಿತು, ಮಂಜಿನೊಳಗೆ ಒಂದು ಗೆರೆ ಕಂಡಿತು. ವಸ್ತ್ರದ ಮಡಿಕೆಯ ಗೆರೆ. ಆಮೇಲೆ ಒಂದು ಕೈ, ಬೆರಳುಗಳು. ನಾನು ನೋಡುತ್ತಿರುವಾಗಲೇ ಆರಿಹೋಯಿತು. ಬಾಯಿ ಹತ್ತಿರ ತಂದು ಊದಿದೆ. ಮತ್ತೆ ಬಂತು.

ಇದನ್ನು ಪವಾಡ ಅಂತ ಊರಿನವರು ಈಗ ಹೇಳಿಕೊಂಡು ತಿರುಗುತ್ತಾರೆ. ಹೇಳುವವರ ಬಾಯಿ ಮುಚ್ಚಿಸಿ ಸಾಕಾಗಿದೆ. ಅಷ್ಟೊಂದು ವರ್ಷ ಮಸಿ ಕೂತಿದ್ದ ಕಡೆ ಗಾಜಿನ ಮೈ ಬೇರೆಯಾಗಿರುತ್ತದೆ, ಚಾಕುವಿಗೆ ಅದು ಸಿಗುವುದಿಲ್ಲ. ಅಷ್ಟೇ.

ಅಜ್ಜಿಗೆ ಹೇಳಿದೆ. ನಂಬಲಿಲ್ಲ. ಅಮ್ಮನನ್ನು ಕರೆದು ನೋಡಿಸಿದಳು. ಅಮ್ಮ ಊದಿ, ನೋಡಿ, ಶಿಲುಬೆಯ ಗುರುತು ಮಾಡಿಕೊಂಡಳು.

"ಅಕ್ಕ ಬರೀಲಿ," ಎಂದೆ. "ಗೆರೆ ಇದ್ಯಲ್ಲ, ಅದರ ಮೇಲೇ ಹೋದ್ರೆ ಆಯ್ತು."

"ಮದುವಣಗಿತ್ತಿ ಮುಟ್ಟೋ ಹಾಗಿಲ್ಲ," ಎಂದಳು ಅಜ್ಜಿ. "ಕೆರೆದವನು ಯಾರು?"

"ನಾನು."

"ಅವನೇ ಬರೀಲಿ. ಬೆಳಿಗ್ಗೆಯಿಂದ ಏನ್ ತಿಂದಿದೀಯ?"

"ಮುದ್ದೆ."

"ಈ ಉಪವಾಸದಲ್ಲಿ ಬೇರೇನು ತಿಂದೆ?"

"ಹಂದಿಕೊಬ್ಬು."

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

"ಮೂರು ದಿನ ರೊಟ್ಟಿ, ನೀರು," ಎಂದಳು ಅಜ್ಜಿ. "ಆಮೇಲೆ ಗಾಜು ಮುಟ್ಟು. ನನಗೀಗ ಬಿಷಪ್ಪನ್ನ ಹಿಡ್ಕೊಡಿ. ಇವಳು ಇದ್ದ ಕುಂಚವನ್ನೆಲ್ಲ ಬೆಕ್ಕಿಗೇ ಸವೆಸಿದಾಳೆ."

ಅಪ್ಪ ಬೆಕ್ಕನ್ನು ಹಿಡಿದು ಅವಳ ಮಡಿಲಿಗೆ ಹಾಕಿದ. ಅವಳು ಬಾಲದ ತುದಿಯಿಂದ ಒಂದು ಚಿಟಿಕೆ ಕೂದಲು ಕತ್ತರಿಸಿ, ತುಟಿಯಲ್ಲಿ ಒದ್ದೆ ಮಾಡಿ, ಬೆರಳಲ್ಲೇ ಸಮ ಮಾಡಿ, ಹೆಬ್ಬಾತಿನ ಗರಿಯ ಕೊಳವೆಗೆ ತೂರಿಸಿ ದಾರ ಸುತ್ತಿದಳು. ಒಂದೇ ಒಂದು ಸಲವೂ ತಡವರಿಸಲಿಲ್ಲ.

ಮೂರು ದಿನ ನಾನು ರೊಟ್ಟಿ ತಿಂದು ನೀರು ಕುಡಿದೆ. ದೇವರಿಗಾಗಿ ಅಲ್ಲ. ಎರಡನೆಯ ದಿನ ಒಲಿಂಪಿಯು ಬಂದು ಉಳಿದ ನಾಲ್ಕು ಬೆಕ್ಕು ಒಯ್ದ, ದೊಡ್ಡದು ಎಲ್ಲಿ ಎಂದು ಕೇಳಿದ.

"ತೊಳ್ದು ಹೋಯ್ತು," ಎಂದ ಅಪ್ಪ.

"ತೊಳ್ದು ಹೋಗೋದು ಅಂದ್ರೇನಯ್ಯಾ? ಜರ್ಮನಿಯವನಿಗೆ ಏನ್ ಹೇಳ್ಲಿ?"

"ಬೆಕ್ಕು ಇಳಿದು ಹೋಯ್ತು ಅಂತ ಹೇಳು," ಎಂದ ಅಪ್ಪ. ಅಜ್ಜಿ ಒಲೆಯ ಪಕ್ಕದಲ್ಲಿ, ಬಹಳ ದಿನಕ್ಕೆ, ಮೂಗಿನಲ್ಲಿ ನಕ್ಕಳು.

ಉಪವಾಸದ ಹದಿಮೂರನೆಯ ದಿನ ಕಿಟಕಿಯ ಹತ್ತಿರ ಮೇಜು ಎಳೆದೆವು. ಗಾಜನ್ನು ನಿಲ್ಲಿಸಿ ಆ ಕಡೆ ಅಜ್ಜಿ ಕೂತಳು, ಈ ಕಡೆ ನಾನು.

"ನಾನು ಊದ್ತೀನಿ, ನೀನು ಗೀಚು," ಎಂದಳು.

ಅವಳು ಬೆನ್ನಿನ ಕಡೆಯಿಂದ ಊದುವಳು, ಗೆರೆ ಏಳುವುದು, ಅದು ಆರುವ ಮೊದಲು ನಾನು ಮುಂದಿನ ಕಡೆ ಸೋಪಿನ ಚೂರಿನಿಂದ ಗುರುತು ಹಾಕಬೇಕು. ಒಂದು ಉಸಿರಿಗೆ ಎರಡು ಬೆರಳು ಅಗಲ. ವಸ್ತ್ರದ ಅಂಚು, ತೋಳು, ಜೋಡಿಸಿದ ಕೈ, ಮೂಗಿನ ತುದಿ, ಬಾಯಿ. ಅಜ್ಜಿಗೆ ಏದುಸಿರು ಬಂದಾಗ ಅಮ್ಮ ಊದಿದಳು, ಅಮ್ಮನಿಗೆ ತಲೆ ಸುತ್ತಿದಾಗ ಅಪ್ಪ ಊದಿದ.

"ಸಾರಾಯಿ ಕುಡಿದಿಲ್ಲ ತಾನೇ ತ್ರಾಯಾನ್?" ಎಂದಳು ಅಜ್ಜಿ.

"ಇಲ್ಲ ಅವ್ವ."

"ನಿನ್ನ ಉಸಿರಿಗೆ ಮಾತೆ ತೂಗಾಡ್ಬಾರ್ದು."

ಮಧ್ಯಾಹ್ನದ ಹೊತ್ತಿಗೆ ಎಲ್ಲ ಸಿಕ್ಕಿತ್ತು, ಮುಖದ ಮೇಲ್ಭಾಗ ಒಂದನ್ನು ಬಿಟ್ಟು. ಮೂವರೂ ಊದಿದರು. ಅಲ್ಲಿ ಬಣ್ಣ ನಾನು ಕೆರೆಯುವುದಕ್ಕೆ ಎಷ್ಟೋ ಮೊದಲೇ ಉದುರಿತ್ತಲ್ಲ, ಗೆರೆಯ ನೆನಪೂ ಗಾಜಿಗೆ ಇರಲಿಲ್ಲ.

"ಕಣ್ಣಿಲ್ಲ ಅಜ್ಜಿ," ಎಂದೆ.

"ಇಲ್ವಾ?"

"ಇಲ್ಲ. ಮೂಗಿನಿಂದ ಮೇಲೆ ಬರೀ ಮಂಜು."

"ಹಾಗಿದ್ರೆ ನೀನೇ ಇಡ್ಬೇಕು. ಇವತ್ತೇ, ಮೊದಲು."

ಮರದ ಮೇಲೆ ಬರೆಯುವವರು ಕಣ್ಣನ್ನು ಕೊನೆಗೆ ಇಡುತ್ತಾರೆ. ಗಾಜಿನವರು ಬೆನ್ನಿನಿಂದ ಬರೆಯುವುದರಿಂದ ಮೇಲೆ ಕಾಣಬೇಕಾದ್ದೆಲ್ಲ ಮೊದಲು ಬೀಳಬೇಕು. ಕಣ್ಣಿನಿಂದಲೇ ಶುರು.

"ಯಾರ ಕಣ್ಣು ಇಡ್ಲಿ? ನನಗೆ ಬರಲ್ಲ."

"ಯಾರ ಮುಖ ನೋಡೋಕೆ ನಿನಗೀಗ ಆಗ್ತಿಲ್ವೋ, ಅವರದ್ದು ನೋಡಿ ಇಡು."

ಅವಳ ಮುಖ ಗಾಜಿನ ಆಚೆಗೇ ಇತ್ತು. ನಾಲ್ಕು ದಿನದಿಂದ ನಾನು ಅದನ್ನು ನೋಡಿರಲಿಲ್ಲ; ನಿಜ ಹೇಳಬೇಕೆಂದರೆ ಈಸ್ಟರಿನಿಂದಲೂ ನೋಡಿರಲಿಲ್ಲ, ನೋಡಿದ್ದರೆ ತಿಳಿಯುತ್ತಿತ್ತು. ಎಡಗಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ. ಬಲಗಣ್ಣು ಅದಕ್ಕಿಂತ ಸ್ವಲ್ಪ ಕಪ್ಪು. ರೆಪ್ಪೆಗಳು ಕೆಳಗೆ ಜೋತಿದ್ದವು. ಗಾಜನ್ನು ಮಲಗಿಸಿ, ಕುಂಚವನ್ನು ಮಸಿಗೆ ಅದ್ದಿ, ಉಸಿರು ಹಿಡಿದು ಇಟ್ಟೆ. ಮೊದಲು ಬಲದ್ದು, ಆಮೇಲೆ ಎಡದ್ದು. ಹುಬ್ಬು. ಬೆವರು ಗಾಜಿನ ಮೇಲೆ ಬೀಳದ ಹಾಗೆ ಅಕ್ಕ ನನ್ನ ಹಣೆಗೆ ಬಟ್ಟೆ ಹಿಡಿದಿದ್ದಳು. ಅವಳು ಮುಟ್ಟಿದ್ದು ನನ್ನ ಹಣೆಯನ್ನು ಮಾತ್ರ, ಗಾಜನ್ನಲ್ಲ.

ಸಂಜೆಯೊಳಗೆ ಗೆರೆಯೆಲ್ಲ ಮುಗಿಯಿತು. ಮಾರನೆಯ ದಿನ ಅಮ್ಮ ತನ್ನ ತಿರುಗದ ಕೈಯಲ್ಲಿ ಬಣ್ಣ ತುಂಬಿದಳು. ಮೇಲಂಗಿಗೆ ಕೆಂಪು, ಒಳಗೆ ನೀಲಿ. ಚಿನ್ನ ಉಳಿದಿರಲಿಲ್ಲ, ತಲೆಯ ಹಿಂದೆ ಹಳದಿ ಮಣ್ಣು ಬಳಿದಳು. ಒಣಗಿದ ಮೇಲೆ ಗಾಜನ್ನು ತಿರುಗಿಸಿ, ಮುಂದಿನ ಸೋಪು ಒರೆಸಿ, ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಮೊದಲ ಸಲ ಅದರ ಮುಖ ನೋಡಿದೆವು.

ಅಕ್ಕ ನನ್ನ ಕಡೆ ನೋಡಿದಳು. ಅಪ್ಪ ಕೆಮ್ಮಿದ.

"ಹೇಗಿದೆ?" ಎಂದಳು ಅಜ್ಜಿ.

"ಚೆನ್ನಾಗಿದೆ ಅತ್ತೆ," ಎಂದಳು ಅಮ್ಮ. "ಕೈ ತುಂಬಾ ಚೆನ್ನಾಗಿ ಬಂದಿದೆ."

"ಕೈ ನಮ್ಮವ್ವಂದು, ಚೆನ್ನಾಗೇ ಇರುತ್ತೆ. ಕಣ್ಣು?"

ಅಮ್ಮ ಸೋಪು ಒರೆಸಿದ ಬಟ್ಟೆಯನ್ನು ಮಡಿಸತೊಡಗಿದಳು. ಎರಡು ತಿಂಗಳು ನನ್ನ ಕಣ್ಣೆದುರು ಇದ್ದದ್ದು ಅಕ್ಕನ ಬೆಕ್ಕುಗಳು. ಅಜ್ಜಿಯ ಕಣ್ಣು ನೋಡಿಯೇ ಇಟ್ಟಿದ್ದೆ, ಕೈ ಮಾತ್ರ ತಾನು ಕಂಡದ್ದನ್ನೇ ಇಟ್ಟಿತ್ತು. ಮೂಲೆಯಲ್ಲಿ ಮೇಲಕ್ಕೆ ಎಳೆದ ಹಾಗೆ, ನಡುವೆ ಪಾಪೆ ಉದ್ದವಾಗಿ.

"ಬೆಕ್ಕಿನ ಕಣ್ಣಿನ ಥರ ಆಗಿದೆ ಅಜ್ಜಿ," ಎಂದೆ. "ಪೂರ್ತಿ ಅಲ್ಲ. ಆದ್ರೆ ಆಗಿದೆ. ಮತ್ತೆ ಕೆರೆದು ಬರೀತೀನಿ."

ಬಿಷಪ್ಪ ಬಂದು ಅಜ್ಜಿಯ ಕಾಲಿಗೆ ಮೈ ಉಜ್ಜಿತು. ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

"ನೋಡ್ತಾ ಇದಾಳಾ?" ಎಂದಳು.

"ಹಾಂ?"

"ಆ ಕಣ್ಣು ನೋಡ್ತಾ ಇದ್ಯಾ ಇಲ್ವಾ? ಅಷ್ಟು ಹೇಳು."

ನಾನು ಪಟವನ್ನು ನೋಡಿದೆ. ಅದು ನನ್ನನ್ನು ನೋಡುತ್ತಿತ್ತು. ಎಲ್ಲಿ ಸರಿದು ನಿಂತರೂ ಬಿಡುತ್ತಿರಲಿಲ್ಲ.

"ನೋಡ್ತಾ ಇದೆ."

"ಹಾಗಿದ್ರೆ ಅವಳಿಗೆ ಕತ್ತಲಲ್ಲೂ ಕಾಣುತ್ತೆ," ಎಂದಳು ಅಜ್ಜಿ. "ಇನ್ನೊಂದ್ ಸಲ ಚಾಕು ಮುಟ್ಟಿದ್ರೆ ಕೈ ಮುರೀತೀನಿ. ಚೌಕಟ್ಟು ಹಾಕು."

ಭಾನುವಾರ ಬೆಳಿಗ್ಗೆ ಎಮಿಲ್‌ನ ಕಡೆಯವರು ಪಿಟೀಲು ಬಾರಿಸುತ್ತ ಅಂಗಳಕ್ಕೆ ಬಂದರು. ಹಾಲಿನ ಲಾರಿಗೂ ಹೂವು ಕಟ್ಟಿದ್ದರು. ಎಮಿಲ್‌ನ ತಾಯಿ ಪಟವನ್ನು ಕಂಡು ಹತ್ತಿರ ಬಂದಳು, ತಲೆ ಓರೆ ಮಾಡಿ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಎದುರು ಹೋಗಿ ನಿಂತೆ. ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಅಕ್ಕ ಪಟವನ್ನು ಎದೆಗವಚಿಕೊಂಡು, ಮುಖ ಹೊರಗೆ ಮಾಡಿ, ಹೊಸ್ತಿಲ ಮೇಲೆ ನಿಂತಳು. ಅಜ್ಜಿಯನ್ನು ಅಪ್ಪ ಕೈ ಹಿಡಿದು ಕರೆತಂದ. ಅವಳು ಮೊಮ್ಮಗಳ ಮುಖ ತಡವಲಿಲ್ಲ, ಮುತ್ತಿಡಲಿಲ್ಲ. ಗಾಜಿನ ಮೇಲೆ ಹೆಬ್ಬೆರಳು ಇಟ್ಟು, ವಸ್ತ್ರದ ಅಂಚಿನಿಂದ ಮೇಲಕ್ಕೆ, ಭುಜದವರೆಗೆ ಮೆಲ್ಲಗೆ ಸರಿಸುತ್ತ ಹೋದಳು. ಪಿಟೀಲಿನವನು ಬಾರಿಸುವುದನ್ನು ನಿಲ್ಲಿಸಿದ. ಬೆರಳಿಗೆ ಗುಳ್ಳೆ ಸಿಕ್ಕಿತು. ಅದರ ಮೇಲೆ ಒಂದು ಕ್ಷಣ ಒತ್ತಿ ಹಿಡಿದಳು.

"ಹೋಗು," ಎಂದು ಕೈ ತೆಗೆದಳು.